ಒನ್ ಟೌನ್ ಎರಡೇಕೆ? ಗಜಪತಿ ಸಂಬಂಧದ ಬಗ್ಗೆ ಒಂದು ಅಪ್ರಕಟಣೀಯ ಸಂಶೋಧನೆ

ವಿದ್ವಾಂಸರು ಇದುವರೆಗೆ ಕಣ್ಣೆತ್ತಿ ನೋಡದ ಒಂದು ಸಂಗತಿಯಿಂದ ಈ ಪ್ರಬಂಧ ಹೊರಡುತ್ತದೆ. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಬುಡಕ್ಕೆ, ಕೃಷ್ಣೆಯ ದಡಕ್ಕೆ ಅಂಟಿಕೊಂಡ ಹಳೇ ಪೇಟೆಗೆ ಒನ್ ಟೌನ್ ಎನ್ನುತ್ತಾರೆ. ವಿಶಾಖಪಟ್ಟಣದಲ್ಲಿ ಸಮುದ್ರದ ಮಗ್ಗುಲಿನ ಹಳೇ ಪೇಟೆಗೂ ಒನ್ ಟೌನ್ ಎನ್ನುತ್ತಾರೆ. ಒಂದು ಎನ್ನುವುದು ಎರಡಿರುವುದು ಹೇಗೆ? ಪೊಲೀಸ್ ಠಾಣೆಗಳಿಗೆ ನಂಬರು ಹಾಕುವಾಗ ಬಂದ ಹೆಸರು ಅದು ಎಂದು ಆಟೊದವರೊಬ್ಬರು ಹೇಳಿದರು. ಸಂಶೋಧನೆಯಲ್ಲಿ ಆಟೊದವರ ಮಾತನ್ನು ಅವರ ಮೀಟರನ್ನು ನಂಬುವಷ್ಟೇ ನಂಬಬೇಕು.

ಪ್ರಸ್ತುತ ಲೇಖಕನ ಸಿದ್ಧಾಂತ ಸರಳವಾಗಿದೆ. ಒಂದಾಗುವುದಕ್ಕೆ ಎರಡು ಕಡೆ ಬೇಕಾಗುವ ಕಾರ್ಯ ಮದುವೆ. ಆದ್ದರಿಂದ ಒಂದು ಒನ್ ಟೌನ್ ಗಂಡಿನ ಕಡೆಯದು, ಇನ್ನೊಂದು ಹೆಣ್ಣಿನ ಕಡೆಯದು. ನಡುವೆ ಸುಮಾರು 350 ಕಿಲೋಮೀಟರ್. ಬೀಗರ ನಡುವೆ ಇರಬೇಕಾದ ಆರೋಗ್ಯಕರ ಅಂತರ ಇದೇ ಎಂಬುದು ನಿರ್ವಿವಾದ, ಏಕೆಂದರೆ ವಿವಾದಕ್ಕೆ ಯಾರೂ ಬಂದಿಲ್ಲ.

ಮದುವೆ ಯಾರದು? 1509ರಲ್ಲಿ ಇಬ್ಬರು ತರುಣರು ಪಟ್ಟಕ್ಕೆ ಬಂದರು. ಲಂಡನ್ನಿನಲ್ಲಿ ಎಂಟನೇ ಹೆನ್ರಿ, ಹಂಪೆಯಲ್ಲಿ ಕೃಷ್ಣದೇವರಾಯ. ಹೆನ್ರಿ ಆರು ಮದುವೆಯಾದ. ರಾಯನಿಗೆ ಹನ್ನೆರಡು ಜನ ರಾಣಿಯರು ಎಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ಸರಿಯಾಗಿ ದುಪ್ಪಟ್ಟು! ಇದು ಕಾಕತಾಳೀಯವಲ್ಲ ಎಂದು ಸಾಧಿಸಲು ಲೇಖಕನಿಗೆ ಇನ್ನೊಂದು ಅನುದಾನ ಬೇಕು.

ಆ ಹನ್ನೆರಡರಲ್ಲಿ ಒಬ್ಬಳು ಒಡಿಶಾದ ಗಜಪತಿ ಪ್ರತಾಪರುದ್ರನ ಮಗಳು. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವವರು ಹೂ ಹಣ್ಣು ಒಯ್ಯುತ್ತಾರೆ, ರಾಯ ಆನೆ ಕುದುರೆ ಒಯ್ದ. 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು, ಆಮೇಲೆ ವಿಜಯವಾಡದ ಪಕ್ಕದ ಕೊಂಡಪಲ್ಲಿ. ಇವತ್ತು ಕೊಂಡಪಲ್ಲಿಗೆ ಹೋದವರಿಗೆ ಸಿಗುವುದು ಮರದ ಬೊಂಬೆ. ಅಂದು ರಾಯನಿಗೆ ಸಿಕ್ಕಿದ್ದು, ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ, ಗಜಪತಿಯ ರಾಣಿ, ಒಬ್ಬ ಮಗ ಮತ್ತು ಏಳು ಮಂದಿ ಸರದಾರರು. ಅತ್ತೆಯನ್ನು ಮೊದಲೇ ಮನೆಗೆ ಕರೆತಂದು, ಆಮೇಲೆ ಹೆಣ್ಣಿನ ಮಾತೆತ್ತಿದ ಉದಾಹರಣೆ ಗೃಹ್ಯಸೂತ್ರಗಳಲ್ಲಿ ಸಿಗುವುದಿಲ್ಲ. ಸೆರೆಸಿಕ್ಕ ಮಗ ವಿಜಯನಗರದಲ್ಲಿ ಅವಮಾನ ತಾಳದೆ ಪ್ರಾಣ ಬಿಟ್ಟ ಎಂದೂ ನೂನಿಜ್ ಬರೆಯುತ್ತಾನೆ. ಅಣಕಕ್ಕೆ ಇಲ್ಲಿ ಒಂದು ಸಾಲಿನ ರಜೆ.

ಇನ್ನು ಮಾತುಕತೆ. ಗಜಪತಿ ನೇರವಾಗಿ ರಾಯನಿಗೆ ಬರೆಯಲಿಲ್ಲ, ಮಂತ್ರಿ ಸಾಳುವ ತಿಮ್ಮರಸನಿಗೆ ಬರೆದ: ಹೆಂಡತಿಯನ್ನು ಬಿಡಿಸಿಕೊಳ್ಳುವ ದಾರಿ ಯಾವುದು? ತಿಮ್ಮರಸನ ಉತ್ತರದ ಸಾರ: ಮಗಳನ್ನು ಕೊಡಿ, ಹೆಂಡತಿಯೂ ಬರುತ್ತಾಳೆ, ನೆಲವೂ ಬರುತ್ತದೆ. ಒಡಿಶಾದ ರಾಯಭಾರಿಗಳು ವಿಜಯನಗರಕ್ಕೆ ಬಂದರು, ಮಾತು ಕುದುರಿತು, ಹುಡುಗಿ ಬಂದಳು. ಕೃಷ್ಣೆಯ ಆಚೆಯದನ್ನೆಲ್ಲ ರಾಯ ಮಾವನಿಗೆ ಬಿಟ್ಟುಕೊಟ್ಟ, ಈಚೆಯದನ್ನು ಇಟ್ಟುಕೊಂಡ.

ಅಳಿಯ ಮಾವನಿಗೆ ನೆಲ ಕೊಟ್ಟರೆ ಅದು ವರದಕ್ಷಿಣೆಯೋ ಕನ್ಯಾಶುಲ್ಕವೋ? ಲೇಖಕ ಈ ಪ್ರಶ್ನೆಗೆ ಎರಡು ವರ್ಷ ಸವೆಸಿದ್ದಾನೆ. 'ಕನ್ಯಾಶುಲ್ಕಂ' ಎಂಬ ಹೆಸರಿನ ನಾಟಕವನ್ನೇ ಬರೆದ ಗುರಜಾಡ ಅಪ್ಪಾರಾವ್ ಇದ್ದದ್ದು ವಿಶಾಖಪಟ್ಟಣದಾಚೆಯ ವಿಜಯನಗರಂನಲ್ಲಿ. ಆ ವಿಜಯನಗರಂ ಈ ವಿಜಯನಗರವಲ್ಲ ಎಂದು ತಿಳಿಯುವ ಹೊತ್ತಿಗೆ ಎರಡನೇ ಅಧ್ಯಾಯ ಮುಗಿದುಹೋಗಿತ್ತು. ಹಾಗೇ ಉಳಿಸಿಕೊಂಡಿದ್ದೇನೆ.

ಇಷ್ಟೆಲ್ಲ ಬರೆದ ಮೇಲೆ ಕ್ಷೇತ್ರಕಾರ್ಯಕ್ಕೆ ಹೊರಟೆ. ತಪ್ಪಾಯಿತು. ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರೆ ವಿಜಯವಾಡದ ಒನ್ ಟೌನ್ ಇರುವುದು ಹೊಳೆಯ ಉತ್ತರಕ್ಕೆ! ಅಂದರೆ ರಾಯ ಬಿಟ್ಟುಕೊಟ್ಟ ಕಡೆ. ಕೊಂಡಪಲ್ಲಿಯೂ ಅದೇ ಕಡೆ. ಎರಡೂ ಒನ್ ಟೌನ್ ಹೆಣ್ಣಿನ ಕಡೆಗೇ ಸೇರಿ, ಗಂಡಿನ ಕಡೆಗೆ ಉಳಿದದ್ದು ತಾಡೇಪಲ್ಲಿ. ಇದು ಸಿದ್ಧಾಂತದ ದೋಷವಲ್ಲ. ಹೊಳೆಯೇ ಒಂದಿಷ್ಟು ದಕ್ಷಿಣಕ್ಕೆ ಹರಿದಿದೆ.

ತುಲನಾತ್ಮಕ ಅಧ್ಯಯನ ಇಲ್ಲದಿದ್ದರೆ ಪ್ರಬಂಧಕ್ಕೆ ಗೌರವ ಬರುವುದಿಲ್ಲ. ದಕ್ಷಿಣದಲ್ಲಿ ಈ ಸಂಧಿ ಮಾಗುತ್ತಿದ್ದ ಕಾಲದಲ್ಲೇ, 1518ರ ಅಕ್ಟೋಬರ್‌ನಲ್ಲಿ, ಗ್ರೀನಿಚ್ ಅರಮನೆಗೆ ಫ್ರಾನ್ಸಿನ ರಾಯಭಾರಿಗಳು ಬಂದರು. ಹುಡುಗಿ ಹೆನ್ರಿಯ ಮಗಳು ಮೇರಿ, ಎರಡೂವರೆ ವರ್ಷ. ಹುಡುಗ ಫ್ರಾನ್ಸಿನ ಯುವರಾಜ, ಏಳು ತಿಂಗಳು. ತೊಟ್ಟಿಲು ಬಿಟ್ಟು ಬರಲಾಗಲಿಲ್ಲ. ಅವನ ಪರವಾಗಿ ನೌಕಾಧಿಪತಿ ಬೋನಿವೆ ನಿಂತು ನಿಶ್ಚಿತಾರ್ಥ ಮುಗಿಸಿದ. ಮಗುವಿನ ಬೆರಳಿಗೆ ಉಂಗುರವೂ ಏರಿತು. ಕೆಲವೇ ವರ್ಷಗಳಲ್ಲಿ ಸಂಬಂಧ ಮುರಿಯಿತು, ಹುಡುಗನಿಗೆ ಗೊತ್ತಾಗುವ ಮೊದಲೇ. 1539ರಲ್ಲಿ ಹೆನ್ರಿ ತನಗೇ ಹೆಣ್ಣು ನೋಡಲು ಚಿತ್ರಕಾರ ಹೋಲ್ಬೈನ್‌ನನ್ನು ಕ್ಲೀವ್ಸ್‌ಗೆ ಅಟ್ಟಿದ. ಪಟ ಒಪ್ಪಿಗೆಯಾಯಿತು, ಹುಡುಗಿ ಆಗಲಿಲ್ಲ. 1540ರ ಜನವರಿಯಲ್ಲಿ ಮದುವೆ, ಜುಲೈನಲ್ಲಿ ರದ್ದು. ನಮ್ಮ ವಿಶಾಖಪಟ್ಟಣದ ಪಕ್ಕದ ಸಿಂಹಾಚಲದ ಸ್ವಾಮಿ ವರ್ಷವಿಡೀ ಗಂಧ ಮೆತ್ತಿಕೊಂಡಿದ್ದರೂ ಅಕ್ಷಯ ತೃತೀಯದ ಒಂದು ದಿನವಾದರೂ ನಿಜರೂಪ ತೋರಿಸುತ್ತಾನೆ. ರಾಯಭಾರಿಗಳು ತರುವ ಪಟಗಳಿಗೆ ಆ ಒಂದು ದಿನವೂ ಇಲ್ಲ.

ದಲ್ಲಾಳಿಗಳ ಕಮಿಷನ್ ವಿಚಾರವನ್ನು ಬೇಗ ಮುಗಿಸುತ್ತೇನೆ. ಕ್ಲೀವ್ಸ್ ಸಂಬಂಧ ಕುದುರಿಸಿದ ಹೆನ್ರಿಯ ಮಂತ್ರಿ ಕ್ರಾಮ್‌ವೆಲ್‌ನ ತಲೆ ಅದೇ ಜುಲೈನಲ್ಲಿ ಹೋಯಿತು. ಗಜಪತಿ ಸಂಬಂಧ ಕುದುರಿಸಿದ ತಿಮ್ಮರಸನ ಕಣ್ಣು, ನೂನಿಜ್ ಪ್ರಕಾರ, ರಾಯನ ಮಗನ ಸಾವಿನ ಗುಮಾನಿಯಲ್ಲಿ ಹೋಯಿತು.

ಕೊನೆಯ ಅಧ್ಯಾಯ ಲೆಕ್ಕಪತ್ರದ್ದು. ಇದೇ ದಂಡಯಾತ್ರೆಯಲ್ಲಿ, 1516ರಲ್ಲಿ, ರಾಯ ಸಿಂಹಾಚಲಕ್ಕೆ ಹೋಗಿ ಸ್ವಾಮಿಗೆ 991 ಮುತ್ತಿನ ಹಾರ ಒಪ್ಪಿಸಿದ. ಸುಮಾರು ಸಾವಿರ ಅಂತಲ್ಲ, 991. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಗೂ ಇದಕ್ಕೂ ನಂಟಿದ್ದರೆ, ಉಳಿದ ಒಂಬತ್ತು ಈ ಪ್ರಬಂಧದಲ್ಲಿವೆ. ಮುತ್ತನ್ನು ಹೀಗೆ ಎಣಿಸಿದ ಕಾಲ ಹುಡುಗಿಯ ಹೆಸರನ್ನು ಮಾತ್ರ ಗಟ್ಟಿಯಾಗಿ ಬರೆದಿಡಲಿಲ್ಲ. ರಾಯನ ಇನ್ನೊಬ್ಬ ರಾಣಿ ಚಿನ್ನಾದೇವಿಯ ಹೆಸರು ಬರೆದ ನೂನಿಜ್ ಇವಳನ್ನು ಒಡಿಶಾ ರಾಜನ ಮಗಳು ಎಂದಷ್ಟೇ ಕರೆದ. ಜಗನ್ಮೋಹಿನಿ ಎಂದು ಒಬ್ಬರು, ತುಕ್ಕಾದೇವಿ ಎಂದು ಇನ್ನೊಬ್ಬರು, ಅನ್ನಪೂರ್ಣೆ, ಸುಭದ್ರೆ ಎಂದು ಮತ್ತೆ ಕೆಲವರು. ಗಂಡ ತಿರುಗಿ ನೋಡದ ರಾಣಿಯೊಬ್ಬಳು ಕಂಭಂ ಕೆರೆಯ ಊರಲ್ಲಿ ಒಂಟಿಯಾಗಿದ್ದು ಸಂಸ್ಕೃತದಲ್ಲಿ ಐದು ಪದ್ಯ ಬರೆದಳು ಎಂಬ ಕತೆಯೂ ಇದೆ.

ಹೆಸರಿನ ಈ ಗೊಂದಲ ಬಗೆಹರಿಸಲು ತಜ್ಞರನ್ನೇ ಹಿಡಿದೆ. ವಿಜಯವಾಡದ ಕಾಳೇಶ್ವರರಾವ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಅಟ್ಟದ ಮೇಲೆ, ಪೆಳ್ಳಿಳ್ಳ ಪೇರಯ್ಯ ಒಬ್ಬರು, ಅಂದರೆ ಮದುವೆ ದಲ್ಲಾಳಿ. ರಬ್ಬರ್ ಬ್ಯಾಂಡ್ ಸುತ್ತಿದ ಉದ್ದ ನೋಟ್‌ಬುಕ್ ಬಿಚ್ಚಿ, ಕೆಳಗಿನಿಂದ ಬರುತ್ತಿದ್ದ ತಟ್ಟೆಗಳ ಸದ್ದು ನಿಲ್ಲುವವರೆಗೆ ಕಾದು, "ಚೆಪ್ಪಂಡಿ" ಅಂದರು.

"ಹುಡುಗ ಹಂಪೆ ಕಡೆಯವರು. ಸ್ವಂತ ಉದ್ಯೋಗ."

"ನಮ್ಮ ತೆಲುಗಿನವರೇನಾ?"

"ತೆಲುಗಿನಲ್ಲಿ 'ಆಮುಕ್ತಮಾಲ್ಯದ' ಬರೆದಿದ್ದಾರೆ. ಅದರಲ್ಲಿ ದೇವರು ಮಾತ್ರ ಅವರನ್ನು ಕನ್ನಡರಾಯ ಅಂತ ಕರೀತಾನೆ."

ಅವರು ಎರಡನ್ನೂ ಬರೆದುಕೊಂಡರು. "ಮೊದಲನೇ ಮದುವೆಯೇ?"

"ಅಲ್ಲ."

ಪೆನ್ನು ಕೆಳಗಿಟ್ಟರು, ಯೋಚಿಸಿ ಮತ್ತೆ ಎತ್ತಿಕೊಂಡರು. "ಆಸ್ತಿ?"

"ಹೊಳೆಯ ಈಚೆ ಎಲ್ಲ."

"ಸರಿ. ಅಮ್ಮಾಯಿ ಪೇರು?"

ನನ್ನ ಟಿಪ್ಪಣಿ ಬಿಚ್ಚಿ ನಾಲ್ಕೂ ಹೆಸರು ಓದಿದೆ. ಅವರು ನಾಲ್ಕನೆಯದಕ್ಕೆ ಕೈ ಎತ್ತಿ ತಡೆದರು. ಆ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದು, ಪುಟ ಮಗುಚುತ್ತಾ ಹೇಳಿದರು: "ಇರಲಿ ಬಿಡಿ. ತಂದೆ ಹೆಸರು ಹೇಳಿ, ಸಾಕು."