ಪ್ರಾತರ್ಧಾವನ ಮೀಮಾಂಸೆ (ಕಂಬಳಿವಾದ ಖಂಡನ ಸಹಿತ)

ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ ಟೆನ್‌ಕೆ ಓಟ ಈಚೆಗೆ ಏಪ್ರಿಲ್ ಕೊನೆಗೆ ಬಂದು ನಿಂತಿದೆ. ಅದಕ್ಕೆ ಹೆಸರು ಕೊಡುವುದು ರಾತ್ರಿ ಊಟವಾದ ಮೇಲೆ, ಸೋಫಾದಲ್ಲಿ ಒರಗಿಕೊಂಡು. ಅಭ್ಯಾಸಕ್ಕೆ ಹೋಗಬೇಕಾದ್ದು ಬೆಳಗಿನ ಐದಕ್ಕೆ. ಹೆಸರು ಕೊಟ್ಟವನೂ ಏಳಬೇಕಾದವನೂ ಒಬ್ಬನೇ ಹೌದೋ ಅಲ್ಲವೋ ಎಂಬುದೇ ಈ ಶಾಸ್ತ್ರದ ಮೂಲ ಸಂಶಯ. ಸೋಫಾದವನನ್ನು ಸಿದ್ಧಾಂತಿ ಎಂದೂ ಕಂಬಳಿಯೊಳಗಿನವನನ್ನು ಪೂರ್ವಪಕ್ಷಿ ಎಂದೂ ಕರೆಯೋಣ. ಇಬ್ಬರಲ್ಲಿ ಪ್ರತಿಭಾವಂತ ಪೂರ್ವಪಕ್ಷಿಯೇ. ಆಫೀಸಿನ ಮೀಟಿಂಗಿನಲ್ಲಿ ತುಟಿ ಬಿಚ್ಚದ ಈ ಮನುಷ್ಯ ಐದು ಗಂಟೆಗೆ ಸಾಕ್ಷಾತ್ ತಾರ್ಕಿಕ ಶಿರೋಮಣಿ.

ಅವನ ವಾದಸರಣಿ ಹೀಗೆ. ನಾನು ಏಳತಕ್ಕದ್ದಲ್ಲ, ಇದು ಪ್ರತಿಜ್ಞೆ. ಅಲುಗದ್ದು ಬಾಳುವುದರಿಂದ, ಇದು ಹೇತು. ಲಾಲ್‌ಬಾಗಿನ ಬಂಡೆಯಂತೆ, ಇದು ಉದಾಹರಣೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳೇ ಹೇಳುತ್ತಾರೆ. ಅದು ಒಂದು ದಿನವೂ ಓಡಿದ್ದಲ್ಲ. ‘ಅದರ ಮೇಲೆ ದಿನಾ ಜನ ಓಡಿ ಹತ್ತುತ್ತಾರಲ್ಲ’ ಎಂದು ಸಿದ್ಧಾಂತಿ ಆಕ್ಷೇಪಿಸಿದರೆ, ‘ಹತ್ತಿಸಿಕೊಳ್ಳುವುದು ಬಂಡೆಯ ಧರ್ಮ, ಹತ್ತುವುದಲ್ಲ’ ಎಂದು ಮಗ್ಗುಲು ಬದಲಿಸುತ್ತಾನೆ.

ದೇಹಶಾಸ್ತ್ರವೂ ಅವನ ಕಡೆಗೇ. ಬೆಳಗಿನ ಜಾವ ಮೈಯ ಉಷ್ಣತೆ ದಿನದಲ್ಲೇ ತೀರ ಇಳಿದಿರುತ್ತದೆ; ಎಚ್ಚರವಾದ ಮೇಲೂ ಮಿದುಳಿನ ಮಂಪರು ಹರಿಯಲು ಅರ್ಧ ಗಂಟೆಯಾದರೂ ಹಿಡಿದೀತು. ಮಂಪರಿನಲ್ಲಿ ಮಾಡಿದ ನಿರ್ಧಾರ ಸಿಂಧುವಲ್ಲ, ಆದ್ದರಿಂದ ಏಳುವ ನಿರ್ಧಾರ ಅಸಿಂಧು. ಮಲಗುವ ನಿರ್ಧಾರವೂ ಅದೇ ಮಂಪರಿನದು ಎಂದು ಸಿದ್ಧಾಂತಿಗೆ ಹೊಳೆಯುವಾಗ ಮಧ್ಯಾಹ್ನವಾಗಿರುತ್ತದೆ.

ಇಲ್ಲೊಂದು ಕಾಲವಿಚಾರ. 2022ರ ವರ್ಲ್ಡ್ ಟೆನ್‌ಕೆಯಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅಲಾರಂನ ಸ್ನೂಜ್ ಹಲವು ಫೋನುಗಳಲ್ಲಿ 9 ನಿಮಿಷ. ಮೂರು ಸ್ನೂಜ್‌ಗೆ 27. ಉಳಿದ 38 ಸೆಕೆಂಡು ಫೋನ್ ದಿಂಬಿನ ಕೆಳಗೆ ಎಲ್ಲಿದೆಯೆಂದು ತಡಕುವುದಕ್ಕೆ. ಪೂರ್ವಪಕ್ಷಿ ವಿಶ್ವಮಟ್ಟದ ವೇಗದಲ್ಲೇ ಇದ್ದಾನೆ, ದೂರದ್ದಷ್ಟೇ ಕೊರತೆ.

ಸಿದ್ಧಾಂತಿ ಈಗ ಆಪ್ತವಾಕ್ಯಕ್ಕೆ ಕೈಹಾಕುತ್ತಾನೆ. ಬ್ರಾಹ್ಮೀ ಮುಹೂರ್ತದಲ್ಲಿ, ಎಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗುವ ಹೊತ್ತಿನಲ್ಲಿ ಏಳಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳಿದೆ. ಇದು ಆತ್ಮಘಾತಕ ಪ್ರಮಾದ. ಪೂರ್ವಪಕ್ಷಿಯೂ ಆ ಅಧ್ಯಾಯ ಓದಿದ್ದಾನೆ. ಏಳಬೇಕೆಂದು ಹೇಳಿರುವುದು ಸ್ವಸ್ಥನಿಗೆ, ನನಗೆ ಮೂಗು ಕಟ್ಟಿದೆ. ಅದೇ ಅಧ್ಯಾಯದಲ್ಲಿ, ಬಲವುಳ್ಳವರೂ ಜಿಡ್ಡಿನ ಆಹಾರ ಉಣ್ಣುವವರೂ ಚಳಿಗಾಲದಲ್ಲಿ, ವಸಂತದಲ್ಲಿ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದಿದೆ. ಜಿಡ್ಡಿನ ಅರ್ಹತೆ ಬೆಣ್ಣೆ ದೋಸೆಯಿಂದ ಸಿದ್ಧ. ಬಲ ವಿವಾದಾಸ್ಪದ. ಇನ್ನು ಹತ್ತರಲ್ಲಿ ಅರ್ಧ ಐದು, ಅಭ್ಯಾಸವಾದ್ದರಿಂದ ಅದರಲ್ಲೂ ಅರ್ಧ, ಮೊದಲ ವಾರವಾದ್ದರಿಂದ ಶೂ ಒರೆಸಿಟ್ಟರೂ ಸಾಕು.

ಹಾಗೂ ಹೀಗೂ ಓಡತೊಡಗಿದವರ ವಿಷಯದಲ್ಲಿ ಅರ್ಥಾಪತ್ತಿ ಎಂಬ ಪ್ರಮಾಣ ಅನ್ವಯಿಸುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗೇ ಇದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಊಹಿಸಿದರು. ನಮ್ಮ ದೇವದತ್ತ ವಾರಕ್ಕೆ ನಾಲ್ಕು ದಿನ ಕಬ್ಬನ್ ಪಾರ್ಕಿನಲ್ಲಿ ಓಡುತ್ತಾನೆ, ಪ್ಯಾಂಟು ಮಾತ್ರ ಸಡಿಲವಾಗಿಲ್ಲ. ಎಪ್ಪತ್ತು ಕಿಲೋ ತೂಗುವವನು ಐದು ಕಿಲೋಮೀಟರು ಓಡಿದರೆ ಕರಗುವುದು ಸುಮಾರು 350 ಕ್ಯಾಲೊರಿ. ಅಸಲು ತೀರಿಸಲು ಒಂದು ಮಸಾಲೆ ದೋಸೆ ಸಾಕು. ಕೇಸರಿಬಾತು ಬಡ್ಡಿ, ಎರಡನೆಯ ಕಾಫಿ ಚಕ್ರಬಡ್ಡಿ.

ಅನುಪಲಬ್ಧಿ ಇನ್ನೊಂದು ಪ್ರಮಾಣ: ಕಾಣದ್ದು ಇಲ್ಲ. ವಾಚಿನ ಚಾರ್ಜು ಮುಗಿದ ದಿನ ಓಡಿದ ಓಟ ಓಟವೇ ಅಲ್ಲ. ಉಪಮಾನವನ್ನು ಗ್ರಂಥವಿಸ್ತರಭಯದಿಂದ ಬಿಟ್ಟಿದೆ.

ಹಾಗಾದರೆ ಜನ ಏಳುವುದು ಯಾವ ಬಲದಿಂದ? ಸ್ಫೂರ್ತಿಯಿಂದ ಎನ್ನುವ ಮತ ಗೋಡೆಯ ಮೇಲೆ ಪೋಸ್ಟರು ಅಂಟಿಸಿದವರದು. ಪೋಸ್ಟರು ಕತ್ತಲಲ್ಲಿ ಕಾಣುವುದಿಲ್ಲ. ಪದಕದ ಆಸೆಯಿಂದ ಎಂಬುದೂ ಸಲ್ಲ, ಅದಕ್ಕಿನ್ನೂ ಮೂರು ತಿಂಗಳಿದೆ. ಆರು ಪ್ರಮಾಣಗಳಿಗೂ ಜಗ್ಗದ ಪೂರ್ವಪಕ್ಷಿ ಏಳನೆಯದೊಂದಕ್ಕೆ ಸೋಲುತ್ತಾನೆ. ಅದರ ಹೆಸರು ದಾಕ್ಷಿಣ್ಯ. ಪಾರ್ಕಿನ ಗೇಟಿನ ಹತ್ತಿರ ಮಂಕಿ ಕ್ಯಾಪು ಹಾಕಿಕೊಂಡು ಚಿಕ್ಕಪ್ಪ ನಿಂತಿರುತ್ತಾರೆ. ಫೋನ್ ಬರುತ್ತದೆ: ‘ಎಲ್ಲಿದೀಯೋ?’ ಕಂಬಳಿಯೊಳಗಿಂದ ಉತ್ತರ ಹೊರಡುತ್ತದೆ: ‘ದಾರೀಲಿದೀನಿ ಚಿಕ್ಕಪ್ಪ.’ ಸುಳ್ಳನ್ನು ನಿಜ ಮಾಡಲು ಮನುಷ್ಯ ಎಷ್ಟು ವೇಗವಾಗಿ ಲೇಸು ಕಟ್ಟಬಲ್ಲನೆಂಬುದು ಕ್ರೀಡಾವಿಜ್ಞಾನ ಇನ್ನೂ ಮುಟ್ಟದ ಕ್ಷೇತ್ರ.

ಪೂರ್ವಪಕ್ಷಿಯ ಕಡೆಯ ಪ್ರಶ್ನೆ: ಚಿಕ್ಕಪ್ಪ ಏಳುವುದು ಯಾವುದರಿಂದ? ಕೇಳಲಾಯಿತು. ‘ನೀನು ಬರ್ತೀಯಲ್ಲಪ್ಪ ಅಂತ ಬರ್ತೀನಿ, ಇಲ್ದಿದ್ರೆ ಈ ಚಳೀಲಿ ಯಾರಿಗೆ ಬೇಕಾಗಿತ್ತು?’ ತರ್ಕಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತದೆ. ದೋಷ ಗೊತ್ತಾದ ಮೇಲೆ ಇಬ್ಬರೂ ಮನೆಯಲ್ಲಿ ಮಲಗಬಹುದಿತ್ತು. ಆದರೆ ಹಾಗಂತ ಮೊದಲು ಬಾಯಿಬಿಡುವವರು ಯಾರೆಂಬುದು ಇತ್ಯರ್ಥವಾಗಿಲ್ಲ. ಈ ಮಧ್ಯೆ ಚಿಕ್ಕಪ್ಪ ಹಾಫ್ ಮ್ಯಾರಥಾನ್‌ನ ಫೀಜು ಎಷ್ಟೆಂದು ವಿಚಾರಿಸುತ್ತಿದ್ದಾರಂತೆ, ಇಬ್ಬರದೂ ಸೇರಿಸಿ.