ಸಾವಕಾರರ ಕಿಸೆಯಲ್ಲಿನ ನೆಟ್ಟು

ಲೆಕ್ಕ ಬರೆಯುವವರ ಪಂಚಾಂಗವೇ ಬೇರೆ. ಅದರಲ್ಲಿ ತಿಂಗಳಿಗೆ ಎರಡು ಏಕಾದಶಿ, ಎರಡೂ ಇಂಗ್ಲಿಷ್ ತಾರೀಖಿನವು. ಜಿಎಸ್‌ಟಿಆರ್-1 ಸಲ್ಲಿಸುವ 11 ಹೇಗೂ ಏಕಾದಶಿಯೇ. ಜಿಎಸ್‌ಟಿಆರ್-3ಬಿ ಸಲ್ಲಿಸುವ 20 ಕೂಡ ನಮ್ಮ ಮಟ್ಟಿಗೆ ಏಕಾದಶಿ. ಎರಡೂ ದಿನ ಊಟದ ನೆನಪಿರುವುದಿಲ್ಲ, ಮನೆಯವರ ಫೋನಿಗೆ ಉತ್ತರವಿರುವುದಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಕೆಂಪು ಬಸ್ಸಿನಲ್ಲಿ ಓಡಾಡುವ ನನ್ನಂಥವರದೇ ಒಂದು ಪಂಗಡ ಹುಟ್ಟಿಕೊಂಡಿದೆ. ಈ ಪಂಗಡದ ಕುಲದೇವರು ಹಾಟ್‌ಸ್ಪಾಟ್.

ಲ್ಯಾಪ್‌ಟಾಪಿಗೆ ಅದರದೇ ಸಿಮ್ಮು, ಅದರದೇ ಮೊಬೈಲ್ ಇಂಟರ್‌ನೆಟ್ಟು ಒಳಗೇ ಇರಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಆಫೀಸಿನಲ್ಲಿ ಪುಕ್ಕಟೆ ವೈಫೈ ಕೆಳಗೆ ಕೂತವರು ಎತ್ತಿದರೆ ಅದು ಷೋಕಿ. ಶಹಾಪುರದ ಹತ್ತಿ ಅಡತಿಯಲ್ಲಿ ಚೀಲಗಳ ಸಂದಿನಲ್ಲಿ ಕೂತವನು ಎತ್ತಿದರೆ ಅದು ಹೊಟ್ಟೆಪಾಡು. ನನ್ನ ಫೋನಿನ ಸಿಮ್ಮು ಯಾದಗಿರಿಯಲ್ಲಿ ಓಡುತ್ತದೆ, ಭೀಮಾ ಸೇತುವೆ ದಾಟಿದ ಮೇಲೆ ನಡೆಯುತ್ತದೆ, ದೋರನಹಳ್ಳಿ ಹಿಂದೆ ಬಿದ್ದ ಮೇಲೆ ಕುಂಟುತ್ತದೆ, ಅಡತಿಯ ತಗಡಿನ ಚಾವಣಿ ಕೆಳಗೆ ಬಂದೊಡನೆ ಮಲಗಿಬಿಡುತ್ತದೆ. ಮಲಗುವುದರಲ್ಲಿ ಶಹಾಪುರಕ್ಕೆ ಹೆಸರೇ ಇದೆಯಲ್ಲ. ಊರ ಪಕ್ಕದ ಬೆಟ್ಟಸಾಲು ಬುದ್ಧ ಮಲಗಿದ ಹಾಗೆ ಕಾಣುತ್ತದೆಂದು ಎಲ್ಲೆಲ್ಲಿಂದಲೋ ಜನ ಬಂದು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಆತನಿಗೇನು, 20ನೇ ತಾರೀಖಿನ ಚಿಂತೆಯಿಲ್ಲ.

ನನ್ನ ಸಿಮ್ಮು ಮಲಗಿದಾಗ ಉಳಿಯುವುದು ಅಡತಿ ಸಾವಕಾರರ ಫೋನು. ಅವರು ಉದಾರಿಗಳು, ನೆಟ್ ಕೇಳಿದರೆ ಇಲ್ಲವೆನ್ನುವವರಲ್ಲ.

"ತಗೋರಿ ಸರ್, ನಿಮಗಿಲ್ದ ಯಾರಿಗದ? ಆದ್ರ ಪಾಸ್‌ವರ್ಡ್ ನಮ್ಮ ಮೊಮ್ಮಗ ಇಟ್ಟಾನ್ರಿ. ಅಂವಾ ಸಾಲಿಗಿ ಹೋಗ್ಯಾನ. ಐದಕ್ಕ ಬರ್ತಾನ."

ಐದಕ್ಕೆ ಮೊಮ್ಮಗ ಬಂದ. ಪಾಸ್‌ವರ್ಡ್ ಹೇಳುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಡೇಟಾ ತಿನ್ನಬ್ಯಾಡ್ರಿ ಅಂಕಲ್" ಎಂದು ತಾಕೀತು ಮಾಡಿದ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಅದರಲ್ಲಿ ಅವನ ಪಾಲಿನ ರೀಲ್ಸ್ ನೋಡುವುದು ಇನ್ನೂ ಬಾಕಿ. ಒಪ್ಪಿದೆ. ನೆಟ್ ಬಂತು. ಪೋರ್ಟಲ್ ತೆರೆಯಿತು. ಹಾಳೆಗಳೆಲ್ಲ ತುಂಬಿ, ಕೊನೆಯ ಗುಂಡಿ ಒತ್ತಿ, ಸಾವಕಾರರ ಮೊಬೈಲಿಗೆ ಓಟಿಪಿ ಬರುವ ಘಳಿಗೆಯೂ ಬಂತು. ಆಗ ಅದೇ ಮೊಬೈಲು ರಿಂಗಾಯಿತು.

"ಹಲೋ... ಹಾಂ, ಹೇಳಪ್ಪ... ನಿಂದ್ರು, ಇಲ್ಲಿ ಕೇಳ್ಸವಲ್ದು" ಎನ್ನುತ್ತ ಸಾವಕಾರರು ಗಾದಿ ಬಿಟ್ಟೆದ್ದರು. ಅವರು ಬಾಗಿಲು ದಾಟಿದಾಗ ನನ್ನ ಪರದೆಯ ಮೂಲೆಯಲ್ಲಿ ವೈಫೈ ಗೆರೆ ಒಂದು ಕಡಿಮೆಯಾಯಿತು. ತೂಕದ ಕಟ್ಟೆ ದಾಟಿದಾಗ ಇನ್ನೊಂದು. ಬೇವಿನ ಮರದ ನೆರಳಿಗೆ ಹೋಗಿ, ಒಂದು ಕೈಯಿಂದ ಧೋತರದ ಚುಂಗು ಹಿಡಿದು, ರಾಯಚೂರಿನ ಹತ್ತಿ ದರ ಕೇಳುತ್ತ ನಿಂತಾಗ ಎಲ್ಲವೂ ಹೋಯಿತು. ಜಗತ್ತಿನಲ್ಲಿ ಕರೆಂಟು ಹೋಗುವುದನ್ನು ಕಂಡಿದ್ದೇವೆ, ನೀರು ಹೋಗುವುದನ್ನು ಕಂಡಿದ್ದೇವೆ. ನೆಟ್ಟು ಚಪ್ಪಲಿ ಮೆಟ್ಟಿಕೊಂಡು ನಡೆದು ಹೋಗುವುದನ್ನು ಕಾಣಬೇಕಾದರೆ ನಮ್ಮ ಕಡೆ ಬರಬೇಕು.

ಮಾತು ಮುಗಿಸಿ ಒಳಗೆ ಬಂದವರು ಕೇಳಿದರು: "ಆತೇನ್ರಿ ಸರ್?"

"ನೆಟ್ ನಿಮ್ಮ ಸಂಗಡ ಹೊರಗ ಹೋಗಿತ್ತರಿ ಸಾವಕಾರ್ರ."

ಅವರು ಕಿಸೆ ತಟ್ಟಿ ತೋರಿಸಿದರು: "ಎಲ್ಲಿ ಹೋಗ್ತದರಿ? ಇಲ್ಲೇ ನನ್ನ ಕಿಸೇದಾಗ ಅದ ಅಲ್ರಿ!"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ತಾಂತ್ರಿಕವಾಗಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಲ್ಯಾಪ್‌ಟಾಪಿನೊಳಗೇ ನೆಟ್ ಎಂಬುದು ಹೊಸ ಆಸೆಯೂ ಅಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಬರುತ್ತಿದ್ದದ್ದು ದೂರವಾಣಿ ತಂತಿಯಲ್ಲಿ. ಅದಕ್ಕಾಗಿ ಆ ಕಾಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೋಡೆಮ್ಮನ್ನು ಒಳಗೇ ಕೂರಿಸಿ, ಪಕ್ಕದಲ್ಲಿ ಟೆಲಿಫೋನ್ ವೈರಿಗೊಂದು ತೂತು ಇಟ್ಟಿರುತ್ತಿದ್ದರು. ತಂತಿಯ ಕಾಲ ಮುಗಿದ ಮೇಲೂ ಆ ತೂತು ಹಲವು ವರ್ಷ ಉಳಿಯಿತು, ಕೆಂಧೂಳು ತುಂಬಿಕೊಳ್ಳಲು. ಆಮೇಲೆ ವೈಫೈ ಬಂತು. ಮೊದಮೊದಲು ಅದೂ ಪಕ್ಕದಿಂದ ತುರುಕುವ ಕಾರ್ಡೇ ಆಗಿತ್ತು. 2003ರಲ್ಲಿ ಇಂಟೆಲ್ ಕಂಪನಿ ಸೆಂಟ್ರಿನೊ ಎಂದು ಹೆಸರಿಟ್ಟು ವೈಫೈಯನ್ನು ಲ್ಯಾಪ್‌ಟಾಪಿನ ಹೊಟ್ಟೆಗೇ ಸೇರಿಸಿ ಮಾರಿತು. ಇವತ್ತು ಲ್ಯಾಪ್‌ಟಾಪಿನಲ್ಲಿ ವೈಫೈ ಇದೆಯೇ ಎಂದು ಯಾರೂ ಅಂಗಡಿಯಲ್ಲಿ ಕೇಳುವುದಿಲ್ಲ. ಅದೇ ದಾರಿಯಲ್ಲಿ ಸಿಮ್ಮೂ ಒಳಗೆ ಬರಬೇಕಿತ್ತು. ಬಂದದ್ದು ಡೋಂಗಲ್. ಬಿಳಿಯ ಕಡ್ಡಿಯಂಥ ಆ ಸಾಧನವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬಸ್ಸಿನಲ್ಲಿ ಕೂತರೆ ಪಕ್ಕದವರ ಮೊಣಕೈ ತಗಲಿ ನೆಟ್ಟೂ ಮುರಿಯುತ್ತಿತ್ತು, ಕಡ್ಡಿಯೂ ಮುರಿಯುತ್ತಿತ್ತು. ಅಷ್ಟರಲ್ಲಿ ಫೋನುಗಳೇ ಹಾಟ್‌ಸ್ಪಾಟ್ ಹಂಚತೊಡಗಿದವು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದು ಡೇಟಾ ಸೋವಿಯಾಯಿತು. ಡೋಂಗಲ್ ಡ್ರಾಯರ್ ಸೇರಿತು. ಕೈಯಲ್ಲಿ ಫೋನ್ ಇರುವಾಗ ಲ್ಯಾಪ್‌ಟಾಪಿಗೆ ಬೇರೆ ಸಿಮ್ ಯಾಕೆ ಎಂದು ತಯಾರಕರೂ ಸುಮ್ಮನಾದರು. 2010ರಲ್ಲೇ ಐಪ್ಯಾಡಿಗೆ ಸಿಮ್ ಕೊಟ್ಟ ಆ್ಯಪಲ್, ಹದಿನೈದು ವರ್ಷ ಕಳೆದರೂ ಮ್ಯಾಕ್‌ಬುಕ್ಕಿಗೆ ಕೊಡಲಿಲ್ಲ.

ಸುಮ್ಮನಾಗಲು ದುಡ್ಡಿನ ಕಾರಣವೂ ಇದೆ. ಮೊಬೈಲ್ ಮೋಡೆಮ್ಮಿನ ಪೇಟೆಂಟ್ ಇಟ್ಟುಕೊಂಡ ಕ್ವಾಲ್‌ಕಾಮ್‌ನಂಥ ಕಂಪನಿಗಳು ತಮ್ಮ ಪಾಲನ್ನು ಮೋಡೆಮ್ಮಿನ ಬೆಲೆಯ ಮೇಲಲ್ಲ, ಅದು ಕೂತ ಇಡೀ ಸಾಧನದ ಬೆಲೆಯ ಮೇಲೆ, ಒಂದು ಮಿತಿಯವರೆಗೆ, ಶೇಕಡಾ ಲೆಕ್ಕದಲ್ಲಿ ಕೇಳುತ್ತ ಬಂದಿವೆ. ನಮ್ಮ ಅಡತಿಯ ಹಮಾಲಿ ಚೀಲಕ್ಕೆ ಇಷ್ಟು ಎಂದು ಕೂಲಿ ಕೇಳುತ್ತಾನೆ. ಚೀಲದೊಳಗೆ ಹತ್ತಿಬೀಜ ಇದ್ದರೆ ಒಂದು ದರ, ಬಂಗಾರ ಇದ್ದರೆ ಇನ್ನೊಂದು ದರ ಎಂದು ಅವನು ಶುರು ಮಾಡಿದರೆ ಮಾರುಕಟ್ಟೆ ಅವತ್ತೇ ಬಂದ್. ಲ್ಯಾಪ್‌ಟಾಪಿನವರು ಬಂದ್ ಮಾಡಲಿಲ್ಲ, ಚೀಲವನ್ನೇ ಇಳಿಸಿಬಿಟ್ಟರು.

ಇಳಿಸಿದರೂ ಚೀಲದ ಗುರುತು ಉಳಿಸಿದ್ದಾರೆ. ಬೆಂಗಳೂರಿನ ಕಂಪನಿಗಳು ಬಳಸಿಬಿಟ್ಟ ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನ ಮೇಲೆ ಹಾದು ನಮ್ಮ ಕಡೆಗೂ ಬರುತ್ತವೆ. ಅಂಥ ಒಂದರ ಬೆನ್ನಿಗೆ ಸಿಮ್ ಹಾಕುವ ಕಿಂಡಿ ಇರುವುದನ್ನು ಕಂಡು, ಸುರಪುರದ ಒಬ್ಬ ಕಿರಾಣಿ ವ್ಯಾಪಾರಿ ಆ ಒಂದೇ ಗುಣಕ್ಕೆ ಅದನ್ನು ಕೊಂಡು ತಂದರು. ಹೊಸ ಸಿಮ್ ಹಾಕಿದರು, ಮುನ್ನೂರು ರೂಪಾಯಿ ಚಿಲ್ಲರೆಗೆ ರಿಚಾರ್ಜ್ ಮಾಡಿಸಿದರು, ಊದಿನಕಡ್ಡಿ ಹಚ್ಚಿದರು. ಏನೂ ಬರಲಿಲ್ಲ. ರಿಪೇರಿ ಹುಡುಗ ತಳದ ತಗಡು ಬಿಚ್ಚಿ ಟಾರ್ಚ್ ಬಿಟ್ಟು ನೋಡಿ ಹೇಳಿದ: "ಕಿಂಡಿ ಅಷ್ಟ ಅದರಿ ಅಣ್ಣಾರ. ಒಳಗ ಮೋಡೆಮ್ಮೇ ಹಾಕಿಲ್ರಿ." ಆ್ಯಂಟೆನಾದ ಎರಡು ವೈರುಗಳು ಮುಚ್ಚಳದಿಂದ ಇಳಿದುಬಂದು, ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡು, ಯಾರೋ ಬರುತ್ತಾರೆಂದು ಕಾಯುತ್ತ ಬಿದ್ದಿದ್ದವು.

ಸುರಪುರದಲ್ಲಿ ಕೂತು ಹೊರ ಜಗತ್ತಿಗೆ ಸುದ್ದಿ ಮುಟ್ಟಿಸುವ ಕಷ್ಟ ಇವತ್ತಿನದಲ್ಲ. ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ ಸಂಸ್ಥಾನದ ಉಸ್ತುವಾರಿಗೆ ಬಂದ ಮೆಡೋಸ್ ಟೇಲರ್ ಸಾಹೇಬ, 1853ರವರೆಗೆ ಇಲ್ಲೇ ಇದ್ದ. ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಗುಡ್ಡದ ಮೇಲಿದೆ. ಅದೇ ಕಾಲದಲ್ಲಿ ಆತ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಹಿಂದೂಸ್ತಾನದ ಬಾತ್ಮೀದಾರನೂ ಆಗಿದ್ದ. ತಂತಿ ಸೇವೆ ನಮ್ಮ ದೇಶದ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ, ಅವನು ಸುರಪುರ ಬಿಟ್ಟ ಮೇಲೆ. ಅಂದರೆ ಅವನ ಸುದ್ದಿ ಟಪಾಲಿನವನ ಕಾಲಿನ ಮೇಲೆ ಗುಡ್ಡ ಇಳಿದು, ಹಡಗು ಹತ್ತಿ, ವಾರಗಟ್ಟಲೆ ನಡೆದು ಲಂಡನ್ ಮುಟ್ಟಬೇಕಿತ್ತು. ಮುಟ್ಟುತ್ತಿತ್ತು ಎಂಬುದೇ ವಿಶೇಷ. 'ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ' ಎಂದು ಯಾವ ಹಡಗೂ ಅವನ ಕಾಗದವನ್ನು ವಾಪಸ್ ಕಳಿಸಲಿಲ್ಲ. ಸುತ್ತ ಗುಡ್ಡ, ನಡುವೆ ಊರು. ಇಲ್ಲಿ ಆಳಿದ ಬೇಡ ನಾಯಕರ ಕಾಲದಲ್ಲಿ ವೈರಿಯನ್ನು ತಡೆದ ಅದೇ ಗುಡ್ಡಗಳು ಈಗ ಟವರಿನ ಸಿಗ್ನಲ್ಲನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತವೆ.

ಒಳಗೆ ಮೋಡೆಮ್ ಇದ್ದರೆ ಲಾಭಗಳು ಖರೆ. ಆ್ಯಂಟೆನಾ ಪರದೆಯ ಸುತ್ತ ಹರಡಿಕೊಳ್ಳಲು ಫೋನಿಗಿಂತ ಹೆಚ್ಚು ಜಾಗ ಸಿಗುತ್ತದೆ. ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಕಾದು ರೊಟ್ಟಿ ಹಂಚಾಗುವುದಿಲ್ಲ. ಮೊಮ್ಮಗನ ಅಪ್ಪಣೆ ಬೇಕಿಲ್ಲ. ಆದರೆ ಇದರಿಂದ ಎಲ್ಲ ಬಗೆಹರಿಯಿತು ಎನ್ನುವವರಿಗೆ ಎರಡು ಮಾತು. ಒಂದು, ಗುಡ್ಡದ ಮರೆಯಲ್ಲಿ ಟವರೇ ಇಲ್ಲದ ಕಡೆ ಮೋಡೆಮ್ ಒಳಗಿದ್ದರೇನು, ಹೊರಗಿದ್ದರೇನು? ಎರಡು, ಮೋಡೆಮ್ಮಿಗೆ ಮುಪ್ಪು ಬೇಗ. 2010ರ 3ಜಿ ತರಂಗಾಂತರ ಹರಾಜಿನ ನಂತರದ ದಿನಗಳಲ್ಲಿ ಒಳಗೇ 3ಜಿ ಇದ್ದ ಲ್ಯಾಪ್‌ಟಾಪನ್ನು ಹೆಚ್ಚು ಹಣ ಕೊಟ್ಟು ಕೊಂಡವರಿದ್ದರು. 2020ರ ಹೊತ್ತಿಗೆ ಏರ್‌ಟೆಲ್ ತನ್ನ 3ಜಿ ಜಾಲವನ್ನೇ ನಿಲ್ಲಿಸಿತು; ಜಿಯೋ ಅಂತೂ 3ಜಿ ಶುರುವೇ ಮಾಡಿರಲಿಲ್ಲ. ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿತ್ತು, ಒಳಗಿನ ಮೋಡೆಮ್ ಮಾತ್ರ ಕರೆದರೆ ಓ ಎನ್ನುವವರಿಲ್ಲದೆ ಕೂತಿತು. ಅಷ್ಟೇ ಹಳೆಯ ವೈಫೈ ಇವತ್ತಿಗೂ ನಿಧಾನವಾಗಿಯಾದರೂ ನಡೆಯುತ್ತದೆ.

ಹಾಗಾಗಿ ಲ್ಯಾಪ್‌ಟಾಪ್ ಮಾಡುವವರಿಗೆ ಕಲ್ಯಾಣ ಕರ್ನಾಟಕದ ಈ ಮೂಲೆಯಿಂದ ನನ್ನ ತೀರ್ಪು ಇಷ್ಟು: ಮೋಡೆಮ್ಮಿಗೆ ಜಾಗ ಎಲ್ಲ ಲ್ಯಾಪ್‌ಟಾಪಿಗೂ ಕೊಡಿ, ಮೋಡೆಮ್ಮನ್ನು ಬೇಕೆಂದವರಿಗೆ ಮಾತ್ರ ಮಾರಿ. ಬೋರ್ಡಿಗೆ ಬೆಸುಗೆ ಹಾಕಬೇಡಿ. 5ಜಿ ಹೋಗಿ ಮುಂದಿನದು ಬಂದಾಗ ಯಾದಗಿರಿಯ ರಿಪೇರಿ ಹುಡುಗ ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸುವಂತಿರಲಿ. ಒಂದು ಕಂಪನಿಯ ಸಿಮ್ಮು ಮೂರು ಊರಿಗೆ ಸಾಲುವುದಿಲ್ಲ, ಎರಡಕ್ಕೆ ಜಾಗವಿರಲಿ.

ಓದುಗರಿಗೂ ಒಂದು ಮಾತು. ಅಂಗಡಿಯವರು ಸಿಮ್ ಕಿಂಡಿ ತೋರಿಸಿದರೆ ನಂಬಬೇಡಿ. ನಿಮ್ಮ ಫೋನಿನ ಸಿಮ್ ತೆಗೆದು ಅಲ್ಲೇ ಹಾಕಿಸಿ, ನೆಟ್ ಬಂದ ಮೇಲೆ ದುಡ್ಡು ಎಣಿಸಿ, ಬಿಲ್ಲಿನಲ್ಲಿ ಮೋಡೆಮ್ಮಿನ ಹೆಸರು ಬರೆಸಿಕೊಳ್ಳಿ. ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ ಶೇಕಡಾ 18. ಇಲ್ಲದ ಮೋಡೆಮ್ಮಿಗೂ ತೆರಿಗೆ ಕಟ್ಟಿದ್ದೀರೆಂದರೆ ಲೆಕ್ಕ ಬರೆಯುವ ನಾನು ಅದನ್ನು ಯಾವ ಕಾಲಮ್ಮಿನಲ್ಲಿ ತೋರಿಸಲಿ?