ಬೂರಣ್ಣನ ಸಿಕ್ಕು

ಗೆಂಡೆಹಳ್ಳಿ ಕಡೆ ಮುಂಗಾರು ಹತ್ತಿರ ಬಂತೆಂದರೆ ತೋಟದವರ ಬಾಯಲ್ಲೆಲ್ಲ ಸ್ಪ್ರೇ ಮಾತು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಮೆಣಸಿನ ಬಳ್ಳಿಗೂ ಅಡಿಕೆ ಗೊನೆಗೂ ಅದೇ ಬೋರ್ಡೋ. ಅಂಥ ದಿನಗಳಲ್ಲೇ ನಾನು "ನಾಯಿಗೆ ಸ್ಪ್ರೇ ಹೊಡೀಬೇಕು" ಅಂದದ್ದರಿಂದ ನಮ್ಮ ತೋಟದ ಮೇಸ್ತ್ರಿ ನಗಲೂ ಇಲ್ಲ, ಬೆರಗಾಗಲೂ ಇಲ್ಲ. "ಸುಣ್ಣ ಎಷ್ಟು ಕಲಸ್ಲಿ ಅಣ್ಣ?" ಅಂದ.

ಈ ನಾಯಿ ನಾವು ಬಯಸಿ ತಂದದ್ದಲ್ಲ. ಬೆಂಗಳೂರಿನ ಬಾಮೈದ ಫ್ಲ್ಯಾಟು ಬದಲಾಯಿಸುವಾಗ ಸೋಫಾ ಹೊತ್ತುಕೊಂಡು ಹೋಗಿ ಸ್ಪ್ಯಾನಿಯಲ್ಲನ್ನು ನಮಗೆ ಬಿಟ್ಟ. ಅವನು ಇಟ್ಟ ಹೆಸರು ಬ್ರೂನೋ. ನಮ್ಮಜ್ಜಿಯ ಬಾಯಲ್ಲಿ ಅದು ಮೊದಲ ದಿನವೇ ಬೂರಣ್ಣ. "ನಿಮ್ಮ ಕಾಡಿಗೆ ಹೇಳಿ ಮಾಡಿಸಿದ ತಳಿ ಭಾವ. ಪಕ್ಕದ ಮೂಡಿಗೆರೇಲಿ ತೇಜಸ್ವಿ ಸಾಕಿದ್ದ ಕಿವೀನೂ ಸ್ಪ್ಯಾನಿಯಲ್ಲೇ ಅಲ್ವಾ?" ಅಂದ ಬಾಮೈದ. ಸಾಹಿತ್ಯವನ್ನೇ ಸಾಕ್ಷಿಗೆ ಕರೆದ ಮೇಲೆ ಒಲ್ಲೆ ಅನ್ನುವುದು ಹೇಗೆ? 'ಕರ್ವಾಲೊ' ಓದಿದವರಿಗೆ ಕಿವಿಯ ಓಡಾಟ ಮರೆಯುವಂಥದ್ದಲ್ಲ. ಓಡಾಡಿ ಬಂದ ಮೇಲಿನ ಬಾಚುವ ಕೆಲಸ ಮಾತ್ರ ಕಾದಂಬರಿಗೆ ಒಗ್ಗುವ ವಸ್ತುವಲ್ಲ.

ನನ್ನನ್ನು ಕೇಳಿದ್ದರೆ ಮುಧೋಳ ನಾಯಿ ಸಾಕು ಅನ್ನುತ್ತಿದ್ದೆ. ನಮ್ಮ ನಾಡಿನದೇ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೈಮೇಲೆ ಬಾಚಲು ಏನೂ ಇಲ್ಲ. ಸ್ಪ್ಯಾನಿಯಲ್ ಹಾಗಲ್ಲ. ಇಂಗ್ಲೆಂಡಿನ ಪೊದೆಗಳಿಗೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ್ದು. ಗೆಂಡೆಹಳ್ಳಿಯ ಕಾಫಿ ಗಿಡದ ಬುಡವೂ ಅದರ ಲೆಕ್ಕದಲ್ಲಿ ಇಂಗ್ಲೆಂಡೇ. ಒಂದು ಸುತ್ತು ಹೋಗಿ ಬಂದರೆ ಕಿವಿಯಲ್ಲಿ ಉತ್ತರಾಣಿ ಕಾಳು, ಕಂಕುಳಲ್ಲಿ ತರಗು, ತೊಡೆಯ ಜೂಲಿನಲ್ಲಿ ಹೆಸರು ಗೊತ್ತಿಲ್ಲದ ಅಂಟುಬೀಜ, ಬೆರಳ ಸಂದಿಯಲ್ಲಿ ಇಂಬಳ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ಅನ್ನುವ ಎಂಜಿನಿಯರ್ 1941ರಲ್ಲಿ ನಾಯಿ ಜೊತೆ ಸುತ್ತಾಡಿ ಬಂದು, ಅದರ ಮೈಗೆ ಅಂಟಿದ್ದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊನೆಗೆ ವೆಲ್ಕ್ರೋ ಕಂಡುಹಿಡಿದ. ನನ್ನ ಹೆಂಡತಿ ಅದೇ ಬಗೆಯ ಬೀಜಗಳನ್ನು ನಡುಮನೆಯ ಚಾಪೆಯ ಮೇಲೆ ನೋಡಿ, ಬೂರಣ್ಣ ಇನ್ನು ಹಿತ್ತಿಲಲ್ಲೇ ಇರಬೇಕೆಂದು ಕಂಡುಹಿಡಿದಳು.

ಆಮೇಲೆ ಬಂತು ಸಿಕ್ಕು ಬಿಡಿಸುವ ಸ್ಪ್ರೇ. ಬಾಮೈದನೇ ಕೊರಿಯರಿನಲ್ಲಿ ಕಳಿಸಿದ. ತಲೆಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಕಾಣದ ಮನೆಗೆ ಲ್ಯಾವೆಂಡರ್ ಘಮದ ಬಾಟಲಿ, ಅದೂ ನಾಯಿಯ ಹೆಸರಿಗೆ! ಕೂದಲಿನ ಮೈ ಕಣ್ಣಿಗೆ ನುಣುಪಾಗಿ ಕಂಡರೂ, ಹತ್ತಿರದಿಂದ ನೋಡಿದರೆ ಅದರ ತುಂಬ ಮಾಡಿಗೆ ಹೊದಿಸಿದ ಹೆಂಚಿನ ಹಾಗೆ ಒಂದರ ಮೇಲೊಂದು ಪೊರೆ. ಕೊಳೆಗೆ, ಉಜ್ಜಾಟಕ್ಕೆ ಆ ಹೆಂಚು ಎದ್ದು ನಿಂತರೆ ಪಕ್ಕದ ಕೂದಲನ್ನು ಹಿಡಿದುಕೊಳ್ಳುತ್ತದೆ. ಸವೆದ ಕೂದಲಿಗೆ ಋಣ ವಿದ್ಯುದಂಶ, ಸ್ಪ್ರೇಯಲ್ಲಿರುವ ಕಂಡೀಷನರಿಗೆ ಧನ. ಹೀಗಾಗಿ ಅದು ಹುಡುಕಿಕೊಂಡು ಹೋಗಿ ಕೂದಲಿಗೆ ಅಂಟಿ ಕೂರುತ್ತದೆ. ಬಹಳಷ್ಟು ಬಾಟಲಿಗಳಲ್ಲಿ ಸಿಲಿಕೋನೂ ಇದ್ದು, ತೆಳ್ಳಗೆ ಹರಡಿ ಜಾರುವಂತೆ ಮಾಡುತ್ತದೆ. ಜಾರಿಸುವುದಷ್ಟೇ ಅದರ ಕೆಲಸ, ಬಿಡಿಸಬೇಕಾದ್ದು ನಮ್ಮ ಬೆರಳೇ. ಇಷ್ಟನ್ನು ಬಾಟಲಿಯ ಮೇಲೆ ಅಚ್ಚು ಹಾಕಿದರೆ ಕೊಳ್ಳುವವರು ಯಾರು?

ನಮ್ಮಜ್ಜಿ ಎರಡು ಬೆರಳಿಗೆ ಹೊಡೆಸಿಕೊಂಡು, ತಿಕ್ಕಿ, ಮೂಸಿ ತೀರ್ಪು ಕೊಟ್ಟಳು: "ದಾಸವಾಳದ ಲೋಳೆ ಕಣೋ ಇದು. ಸೆಂಟು ಹಾಕವ್ರೆ, ಅಷ್ಟೇಯ."

ಮೊದಲು ಸ್ನಾನ, ಆಮೇಲೆ ಸಿಕ್ಕು ಅಂತ ಬಾಮೈದ ಫೋನಿನಲ್ಲಿ ಹೇಳಿದ್ದ. ಅಜ್ಜಿ ಬಿಸಿನೀರಿನ ಹಂಡೆಗೆ ಅಡ್ಡ ನಿಂತಳು. "ಗಂಟಿಗೆ ನೀರು ಬಿದ್ರೆ ಬಿಗೀತದೆ. ಒಣಗಿದ್ಮೇಲೆ ಬಿಡುಸಕ್ಕೆ ನಿನ್ ಬಾಮೈದ ಬತ್ತಾನಾ?" ನಾಯಿ ಬಾಚುವುದನ್ನೇ ಕಸುಬು ಮಾಡಿಕೊಂಡವರು ಹೇಳುವುದೂ ಅಕ್ಷರಶಃ ಇದೇ. ಕತ್ತರಿ ಹಿಡಿದು ಬಂದ ಹೆಂಡತಿಯನ್ನೂ ಅಜ್ಜಿ ವಾಪಸು ಕಳಿಸಿದಳು. ಗಂಟಿನೊಳಗೆ ಚರ್ಮವೂ ಎಳೆದು ಬಂದಿರುತ್ತದೆ, ಕೂದಲೆಂದು ಕತ್ತರಿಸಿದ್ದು ಕಿವಿಯಾಗಬಹುದು. ಬುಡವನ್ನು ಒಂದು ಮುಷ್ಟಿಯಲ್ಲಿ ಹಿಡಿ, ಎಳೆತ ಚರ್ಮಕ್ಕೆ ತಾಗಬಾರದು. ತುದಿಯಿಂದ ಬಿಡಿಸುತ್ತ ಬುಡಕ್ಕೆ ಬಾ. ಮನೆಯ ಹೆಣ್ಣುಮಕ್ಕಳ ಜಡೆಗಳೆಲ್ಲ ಅವಳ ಕೈಯಲ್ಲಿ ಹಾದುಹೋದವು. ಬೂರಣ್ಣನನ್ನೂ ಅದೇ ಸಾಲಿಗೆ ಸೇರಿಸಿ, ಜಗುಲಿಯಲ್ಲಿ ಮೊಣಕಾಲ ನಡುವೆ ಕೂರಿಸಿಕೊಂಡಳು. ಹೆಣ್ಣುಮಕ್ಕಳಿಗಿಂತ ಇವನೇ ವಾಸಿ, ಚೀರುವುದಿಲ್ಲ ಅಂತ ಸರ್ಟಿಫಿಕೇಟೂ ಸಿಕ್ಕಿತು. ಅವನು ಯಾಕೆ ಚೀರುತ್ತಾನೆ? ಗಂಟಿಗೊಂದು ಚಕ್ಕುಲಿ ಚೂರು ಒಳಗೆ ಹೋಗುತ್ತಿತ್ತು. ಸಿಕ್ಕು ಬಿಡಿಸುವುದರಲ್ಲಿ ಚಕ್ಕುಲಿಯ ಪಾಲೆಷ್ಟು, ಸಿಲಿಕೋನಿನ ಪಾಲೆಷ್ಟು ಅನ್ನುವುದರಲ್ಲಿ ನಾನು ಚಕ್ಕುಲಿಯ ಪಕ್ಷ.

ಬರಬರುತ್ತ ಅಜ್ಜಿ ಬಾಟಲಿಯನ್ನು ಮುಟ್ಟುವುದನ್ನೇ ಬಿಟ್ಟಳು. ಹಿತ್ತಿಲ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ, ಪಂಚೆಯ ತುಂಡಿನಲ್ಲಿ ಸೋಸಿ, ತನ್ನದೇ ಸ್ಪ್ರೇ ತಯಾರಿಸಿದಳು. ಲೋಳೆ ನಳಿಕೆಯಲ್ಲಿ ಕಟ್ಟಿಕೊಂಡಾಗ ಮೇಸ್ತ್ರಿ ಬೋರ್ಡೋ ಪಂಪಿನ ನಾಝಲ್ಲಿಗೆ ಮಾಡುವ ಹಾಗೆ ಸಣ್ಣ ತಂತಿ ತೂರಿಸಿ ಸರಿಮಾಡಿಕೊಟ್ಟ. ಈ ಸಲ ಅವನಿಗೆ ಸುಣ್ಣದ ಸಂಶಯ ಬರಲಿಲ್ಲ.

ಹಾಗಾದರೆ ಕೊರಿಯರಿನ ಬಾಟಲಿ ಖಾಲಿಯಾಗುತ್ತಿರುವುದು ಹೇಗೆ? ಬೆಳಿಗ್ಗೆ ಸ್ಕೂಲ್ ಬಸ್ಸಿನ ಹಾರನ್ ಕೇಳಿದ ಮೇಲೆ ಮಗಳ ಜಡೆ ಹಾಕುವ ಮನೆ ನಮ್ಮದು. ಈಚೆಗೆ ಆ ಹೊತ್ತಿನ ಕಿರುಚಾಟ ನಿಂತಿದೆ, ನಡುಮನೆಯಲ್ಲಿ ಲ್ಯಾವೆಂಡರ್ ಸುಳಿಯುತ್ತದೆ. ತಲೆಗೆ ಯಾವ ಎಣ್ಣೆ ಅಂತ ಮಗಳನ್ನು ಟೀಚರೇ ವಿಚಾರಿಸಿದರಂತೆ. ಬಾಟಲಿಯ ಮೇಲಿನ ನಾಯಿಯ ಚಿತ್ರವನ್ನು ಯಾರೋ ಉಗುರಿನಿಂದ ಕೆರೆದಿದ್ದಾರೆ.

ಮೊನ್ನೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ರೀ, ನಮ್ಮಣ್ಣಂಗೆ ಫೋನ್ ಮಾಡಿ ಅದೇ ಸ್ಪ್ರೇ ಎರಡು ಕಳ್ಸೋಕೆ ಹೇಳಿ. ಬೂರಣ್ಣಂಗೆ ಅಂತಲೇ ಹೇಳಿ, ಮತ್ತೆ!"